ಹನುಮಮ್ಮನ ಆರು ಬಿಂದಿಗೆ

ಹನುಮಮ್ಮನ ಜೀವನ ಚಿತ್ರವನ್ನು ನಾನು ಈಗಾಗಲೇ ಒಂದು ಸಲ ಬರೆದಿದ್ದೇನೆ. ಒಂದೂವರೆ ಪುಟ. ನಮ್ಮ ಬಡಾವಣೆಯ ನಿವಾಸಿಗಳ ಸಂಘ ಪರಿಸರ ದಿನಕ್ಕೆ ಹೊರತಂದ ಕಿರುಹೊತ್ತಿಗೆಯಲ್ಲಿ ಅದು ಅಚ್ಚಾಯಿತು. ಆಕೆಯ ಫೋಟೋ ಅಂಚೆಚೀಟಿಯಷ್ಟು ಚಿಕ್ಕದು, ಬರೆದ ನನ್ನ ಫೋಟೋ ಅಂಗೈಯಷ್ಟು ದೊಡ್ಡದು. ಓದಿದವರೆಲ್ಲ ಚೆನ್ನಾಗಿದೆ ಎಂದರು. ಆ ಒಂದೂವರೆ ಪುಟದಿಂದ ಹದಿನಾಲ್ಕು ಮನೆಯ ಜನ ನೀರಿಗೆ ಪರದಾಡುವಂತಾಯಿತು. ಅದಕ್ಕೇ ಎರಡನೇ ಸಲ ಬರೆಯುತ್ತಿದ್ದೇನೆ. ಈ ಸಲ ನನ್ನ ಫೋಟೋ ಇಲ್ಲ.

ನಾನು ಚನ್ನವೀರಯ್ಯ. ಹುಟ್ಟಿದ್ದು ಗುಬ್ಬಿಯಲ್ಲಿ, ಮೂವತ್ತು ವರ್ಷ ಗುಮಾಸ್ತಿಕೆ ಮಾಡಿದ್ದು ಕುಣಿಗಲ್‌ನಲ್ಲಿ, ಮನೆ ಕಟ್ಟಿಸಿದ್ದು ತುಮಕೂರಿನಲ್ಲಿ. ಕುಣಿಗಲ್‌ನಲ್ಲಿದ್ದಾಗ ಮಧ್ಯಾಹ್ನದ ಬುತ್ತಿಯನ್ನು ಕೆರೆ ಏರಿಯ ಮೇಲೆ ಕೂತು ಬಿಚ್ಚುತ್ತಿದ್ದೆ. ಅಷ್ಟು ದೊಡ್ಡ ಕೆರೆಯನ್ನು ಮೂವತ್ತು ವರ್ಷ ನೋಡಿಕೊಂಡು ಮೊಸರನ್ನ ತಿಂದವನಿಗೆ ನೀರಿನ ವಿಚಾರ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದು ನಂಬಿದ್ದೆ. ನಿವೃತ್ತಿಯಾದ ಆರು ತಿಂಗಳಿಗೆ ಪರಿಸರ ನನ್ನ ಮೈಮೇಲೆ ಬಂತು. ಮಾರ್ಕೆಟ್ಟಿಗೆ ಬಟ್ಟೆ ಚೀಲ, ಮದುವೆ ಮನೆಗೆ ಜೇಬಿನಲ್ಲಿ ಸ್ಟೀಲ್ ಲೋಟ, ಎದುರಿಗೆ ಸಿಕ್ಕಿದವರಿಗೆಲ್ಲ ಉಪದೇಶ. ನನ್ನನ್ನು ದೂರದಲ್ಲಿ ಕಂಡರೇ ಜನ ಪಕ್ಕದ ಅಡ್ಡರಸ್ತೆಗೆ ತಿರುಗುತ್ತಿದ್ದರು. ನಾನು ಅದನ್ನು ಗೌರವ ಎಂದುಕೊಂಡಿದ್ದೆ.

ನಮ್ಮ ಮನೆತನದಲ್ಲಿ ಒಂದು ಪದ್ಧತಿಯಿದೆ. ಪ್ರಸಾದವನ್ನು ಬಿಡಬಾರದು. ಹಿರಿಯರು ಊಟವಾದ ಮೇಲೆ ತಟ್ಟೆಗೆ ಸ್ವಲ್ಪ ನೀರು ಹುಯ್ದು, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿದು ಏಳುತ್ತಿದ್ದರು. ನನ್ನ ಅಪ್ಪ ಇದನ್ನು ಯಾರ ಗಮನಕ್ಕೂ ಬಾರದಂತೆ ಮಾಡುತ್ತಿದ್ದರು. ನಾನು ಎಲ್ಲರ ಗಮನಕ್ಕೂ ಬರುವಂತೆ ಮಾಡುತ್ತಿದ್ದೆ. ಮಠದ ದಾಸೋಹದಲ್ಲಿ ಪಕ್ಕದವರು ಎದ್ದು ಹೋಗುವುದರೊಳಗೆ ಕುಡಿದು ಮುಗಿಸಬೇಕು, ಇಲ್ಲದಿದ್ದರೆ ಕುಡಿದದ್ದು ದಂಡ. ಅಲ್ಲಿ ನಾನು ಹೀಗೆ ಕಾಲು ಲೋಟ ನೀರು ಉಳಿಸುತ್ತಿರುವಾಗ ಇಲ್ಲಿ ಮನೆಯ ಮೇಲಿನ ಟ್ಯಾಂಕ್ ತುಂಬಿ, ಗೋಡೆಯ ಮೇಲೆ ಇಳಿದು, ಚರಂಡಿ ಸೇರುತ್ತಿರುತ್ತಿತ್ತು. ಮೋಟಾರ್ ಆರಿಸುವುದನ್ನು ನಾನು ಮರೆತು ಬಂದಿರುತ್ತಿದ್ದೆ.

ನನ್ನ ಹೆಂಡತಿ ಗಂಗಾಂಬಿಕೆ ಹೆಚ್ಚು ಮಾತಾಡುವವಳಲ್ಲ. “ರೀ, ತಟ್ಟೆ ತೊಳ್ಕೊಂಡು ಕುಡೀರಿ, ಬೇಡ ಅನ್ನಲ್ಲ. ಮೋಟ್ರು ಆರ್ಸಿ ಹೋಗಿ ಕುಡೀರಿ,” ಎಂದು ಒಂದೆರಡು ಸಲ ಹೇಳಿ ಸುಮ್ಮನಾಗಿದ್ದಳು.

ಇನ್ನು ಹನುಮಮ್ಮ. ನಮ್ಮ ಬಡಾವಣೆಯ ಹಿಂಗೋಡೆಯಾಚೆ ಹದಿನಾಲ್ಕು ಶೀಟಿನ ಮನೆಗಳ ಒಂದು ಸಾಲಿದೆ. ಅದರಲ್ಲಿ ಮೂರನೆಯದು ಆಕೆಯದು. ಅವರೆಲ್ಲ ನಮಗಿಂತ ಮೊದಲು ಬಂದವರು. ಅವರಿಗೊಂದು ಬಾವಿಯಿತ್ತು. ನಾನು ಮನೆ ಕಟ್ಟಿಸುವಾಗ ಗೋಡೆಗಳಿಗೆ ನೀರು ಹೊಡೆಯುವ ಕೂಲಿಗೆ ಬಂದವಳು ಹನುಮಮ್ಮನೇ. ಮೂರು ವಾರ ಆಕೆ ಆ ಬಾವಿಯಿಂದ ಸೇದಿ ಸೇದಿ ನನ್ನ ಗೋಡೆಗಳನ್ನು ನೆನೆಸಿದಳು. ಆಮೇಲೆ ಬಡಾವಣೆಗೆ ಪಾರ್ಕ್ ಆಗಬೇಕೆಂದು ಬಾವಿಗೆ ಮಣ್ಣು ತುಂಬಿಸಿ, ಮೇಲೆ ಹುಲ್ಲು ಹಾಸಿದೆವು. ಅದಕ್ಕೆ ಬದಲಾಗಿ ನಮ್ಮ ಸಂಘದ ಬೋರ್‌ವೆಲ್ಲಿನಿಂದ ಗೋಡೆಯಾಚೆಗೆ ಒಂದು ನಲ್ಲಿ. ಬೆಳಿಗ್ಗೆ ಆರರಿಂದ ಎಂಟರವರೆಗೆ ನೀರು. ಬಾಯಿಮಾತಿನ ಒಪ್ಪಂದ. ಅವರಿಗೆ ಬೇರೆ ನಲ್ಲಿ ಇರಲಿಲ್ಲ. ನಾವು ಇದನ್ನು ಸಂಘದ ಸೇವಾ ಕಾರ್ಯಗಳ ಪಟ್ಟಿಯಲ್ಲಿ ಹಾಕಿಕೊಂಡಿದ್ದೆವು.

ಈ ಬೇಸಿಗೆಯಲ್ಲಿ ಬೋರ್‌ವೆಲ್ ನೀರು ಇಳಿಯಿತು. ಸಂಘದ ಅಧ್ಯಕ್ಷರಾದ ಲಕ್ಷ್ಮೀನರಸಿಂಹಯ್ಯನವರು ಹಿಂದೆ ರಸ್ತೆ ಕಂಟ್ರಾಕ್ಟರು. ಎರಡು ಕಾರು, ಮನೆ ಮುಂದೆ ಹಸಿರು ಹುಲ್ಲು. ಕಾರ್ಯದರ್ಶಿಯಾದ ನನ್ನನ್ನು ಕರೆದು, “ಚನ್ನವೀರಯ್ಯನೋರೇ, ಜನಕ್ಕೆ ಬರೀ ಉಪದೇಶ ಮಾಡುದ್ರೆ ಆಗಲ್ಲ. ಒಂದು ಮಾದರಿ ತೋರಿಸ್ಬೇಕು,” ಎಂದರು. ನಮ್ಮ ಬಡಾವಣೆಯ ನಲವತ್ತು ಮನೆಗಳಲ್ಲಿ ಮಾದರಿ ಹುಡುಕಿದೆ. ಒಂದೂ ಸಿಗಲಿಲ್ಲ. ಗೋಡೆಯಾಚೆ ಹೋದೆ.

ಹನುಮಮ್ಮನಿಗೆ ನಲವತ್ತೆಂಟು ವರ್ಷ. ಅಂತರಸನಹಳ್ಳಿಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುತ್ತಾಳೆ. ಗಂಡ ದೊಡ್ಡರಂಗಯ್ಯ ಮೂಟೆ ಹೊತ್ತು ಹೊತ್ತು ಬೆನ್ನು ಹಿಡಿದುಕೊಂಡು ಮನೆಯಲ್ಲಿದ್ದಾನೆ. ಮಗ ರವಿಕಿರಣ್ ಅದೇ ಕಡೆ ಒಂದು ಲೇತ್ ವರ್ಕ್‌ಶಾಪಿಗೆ ಬೈಕಿನಲ್ಲಿ ಹೋಗುತ್ತಾನೆ. ಮಗಳು ತನುಶ್ರೀಯನ್ನು ಗುಬ್ಬಿಗೆ ಕೊಟ್ಟಿದ್ದಾರೆ. ನಾನು ನೋಟ್‌ಬುಕ್ ಹಿಡಿದು ಹೋದಾಗ ಆಕೆ ಬಾಗಿಲಲ್ಲಿ ಕೂತು ಅಕ್ಕಿ ತೊಳೆದ ನೀರನ್ನು ಒಂದು ಪಾತ್ರೆಗೆ ಬಸಿಯುತ್ತಿದ್ದಳು. ಎದ್ದು ನಿಂತಳು.

“ದಿನಕ್ಕೆ ಎಷ್ಟು ಬಿಂದಿಗೆ ನೀರು ಬೇಕಾಗುತ್ತಮ್ಮ ನಿಮ್ಮನೆಗೆ?” ಎಂದೆ.

“ಆರು, ಸ್ವಾಮಿ.”

“ಮೂರು ಜನಕ್ಕೆ ಆರೇ ಬಿಂದಿಗೆನಾ?”

“ಅಷ್ಟೇ ಸಿಗಾದು. ಜಾಸ್ತಿ ಸಿಕ್ಕುದ್ರೆ ಜಾಸ್ತಿ ಖರ್ಚಾಯ್ತದೆ.”

ಮೊದಲ ಉತ್ತರವನ್ನು ಬರೆದುಕೊಂಡೆ. ಎರಡನೆಯದು ಲೇಖನದ ಓಟಕ್ಕೆ ಅಡ್ಡ ಬರುತ್ತಿತ್ತು, ಬಿಟ್ಟೆ. ಹೀಗೇ ಇನ್ನೂ ಕೆಲವು ವಿಷಯ ಕೇಳಿದೆ. ಆಕೆಯ ತವರು ಹುತ್ರಿದುರ್ಗದ ಪಕ್ಕ. ಚಿಕ್ಕವಳಿದ್ದಾಗ ಬಂಡೆ ಮೇಲೆ ಮಳೆನೀರು ನಿಲ್ಲುವ ದೊಣೆಯಿಂದ ನೀರು ಹೊತ್ತು ತರುವಾಗ ಒಂದು ದಿನ ಎಡವಿ ಬಿದ್ದು ಬಿಂದಿಗೆ ಉರುಳಿಸಿದ್ದಕ್ಕೆ ಅವಳವ್ವ ಸೌದೆ ತಗೊಂಡು ಹೊಡೆದಿದ್ದಳಂತೆ. ಮೊಣಕೈ ಹತ್ತಿರ ಗುರುತು ಇನ್ನೂ ಇದೆ, ತೋರಿಸಿದಳು. ನಾನು ಅದನ್ನು ‘ಬಾಲ್ಯದಲ್ಲೇ ದೊರೆತ ಜಲಸಂಸ್ಕಾರ’ ಎಂದು ಬರೆದೆ. ಕ್ಯಾಂಟೀನಿನಲ್ಲಿ ನಲ್ಲಿ ಬಿಟ್ಟುಕೊಂಡೇ ಪಾತ್ರೆ ತೊಳೆಯಬೇಕು, ನಿಲ್ಲಿಸಿದರೆ ಸೂಪರ್‌ವೈಸರ್ ‘ಬೇಗ ಬೇಗ’ ಅಂತಾನೆ, ಆ ನೀರು ಹರಿಯುವುದನ್ನು ನೋಡುವಾಗ ಹೊಟ್ಟೆ ಉರಿಯುತ್ತದೆ ಎಂದೂ ಹೇಳಿದಳು. ಅದನ್ನು ಬರೆಯಲಿಲ್ಲ. ಮಾದರಿ ಮಹಿಳೆಗೆ ಹೊಟ್ಟೆ ಉರಿಯಬಾರದು.

ಲೇಖನದಲ್ಲಿ ಆಕೆಯನ್ನು ‘ಅವರು’ ಎಂದು ಬರೆದೆ. ಎದುರಿಗೆ ಹನ್ನೆರಡು ವರ್ಷದಿಂದ ‘ನೀನು’. ಈಗಲೂ ನನ್ನ ಬಾಯಿ ಬೇರೆ ರೀತಿ ತಿರುಗುವುದಿಲ್ಲ, ನೀವೇ ನೋಡುತ್ತಿದ್ದೀರಿ.

ಪರಿಸರ ದಿನದಂದು ಆಕೆಗೆ ಸನ್ಮಾನ ಮಾಡಿದೆವು. ಕ್ಯಾಂಟೀನಿಗೆ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಶಾಲು, ಹಾರ, ಹಣ್ಣಿನ ಬುಟ್ಟಿ, ಗಾಜಿನ ಸ್ಮರಣಿಕೆ. ಸ್ಮರಣಿಕೆಯನ್ನು ತಿರುಗಿಸಿ ತಿರುಗಿಸಿ ನೋಡಿ, “ಇದ್ರ ಬದ್ಲು ಒಂದು ಬಿಂದಿಗೆ ಕೊಡಂಗಿದ್ರೆ ಕೊಡಿ ಸ್ವಾಮಿ, ನಮ್ದೊಂದು ತೂತು ಬಿದ್ದೈತೆ,” ಎಂದು ಮೆಲ್ಲಗೆ ಕೇಳಿದಳು. ಮೈಕ್ ಆನ್ ಇತ್ತು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆಕೆಯ ಸರಳತೆಯನ್ನು ಮೆಚ್ಚಿಕೊಂಡವನ ಹಾಗೆ.

ಊಟಕ್ಕೆ ಆಕೆಯನ್ನು ನನ್ನ ಪಕ್ಕದಲ್ಲೇ ಕೂರಿಸಿಕೊಂಡೆ. ಊಟ ಮುಗಿದದ್ದೇ ಎಂದಿನಂತೆ ತಟ್ಟೆಗೆ ನೀರು ಹುಯ್ದು, ತೊಳೆದು, ಕಣ್ಣು ಮುಚ್ಚಿ ಕುಡಿದೆ. ಕಣ್ಣು ಬಿಟ್ಟಾಗ ಹನುಮಮ್ಮ ನನ್ನನ್ನೇ ಕನಿಕರದಿಂದ ನೋಡುತ್ತಿದ್ದಳು.

“ಊಟ ಸಾಲ್ಲಿಲ್ವಾ ಸ್ವಾಮಿ? ಇನ್ನೊಂಚೂರು ಇಕ್ಸ್ಲಾ?”

ಮುಂದಿನ ವಾರ ಸಂಘದ ಸಭೆ. ಅಧ್ಯಕ್ಷರ ಕೈಯಲ್ಲಿ ಕಿರುಹೊತ್ತಿಗೆ. “ನೋಡಿ, ನಮ್ಮ ಸೆಕ್ರೆಟ್ರಿಗಳೇ ಬರ್ದವ್ರೆ. ಒಂದು ಮನೆಗೆ ಆರು ಬಿಂದಿಗೆ ಸಾಕಂತೆ. ಹಿಂದ್ಗಡೆ ಸಾಲಲ್ಲಿ ಕೆಲವ್ರು ಹತ್ತು ಹಿಡೀತಾರೆ, ಹನ್ನೆರಡು ಹಿಡೀತಾರೆ. ಯಾಕೆ? ಎಲ್ರಿಗೂ ಹನುಮಮ್ಮನ ಲೆಕ್ಕನೇ ಆಗ್ಲಿ.” ಎಲ್ಲರೂ ತಲೆಯಾಡಿಸಿದರು. ನಾನು ಎಲ್ಲರಿಗಿಂತ ಜೋರಾಗಿ ಆಡಿಸಿದೆ. ಬರೆದದ್ದು ಒಂದೇ ವಾರದಲ್ಲಿ ಜಾರಿಗೆ ಬಂದ ಬರಹಗಾರರು ನಾಡಿನಲ್ಲಿ ಎಷ್ಟು ಜನ ಇದ್ದಾರು? ನಿರ್ಣಯವನ್ನು ನನ್ನ ಕೈಯಾರೆ ಬರೆದೆ. ಮನೆಗೆ ಆರು ಬಿಂದಿಗೆ, ವಾಚ್‌ಮನ್ ಅನಂತರಾಜು ನಲ್ಲಿ ಹತ್ತಿರ ನಿಂತು ಎಣಿಸತಕ್ಕದ್ದು, ಉಳಿದ ನೀರನ್ನು ಪಾರ್ಕಿನ ಹುಲ್ಲಿಗೆ ಬಿಡತಕ್ಕದ್ದು.

ಗೋಡೆಯಾಚೆಯ ಜನ ಇಷ್ಟು ವರ್ಷ ನೀರನ್ನು ಹೇಗೆ ಹಂಚಿಕೊಳ್ಳುತ್ತಿದ್ದರು ಎಂದು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಅವರಲ್ಲಿ ಎಣಿಕೆಯೇ ಇರಲಿಲ್ಲ. ಒಂಬತ್ತು ಜನ ಇದ್ದ ಒಂದು ಮನೆಯವರು ಹತ್ತು ಹನ್ನೆರಡು ಹಿಡಿಯುತ್ತಿದ್ದರು. ಕೊನೆಮನೆಯ ಮುದುಕ ಮುದುಕಿ ಮೂರೇ ಬಿಂದಿಗೆ ಹಿಡಿದು ಒಳಗೆ ಹೋಗುತ್ತಿದ್ದರು. ಸಾವಾದ ಮನೆ, ಬಾಣಂತಿಯಿರುವ ಮನೆಯ ಬಿಂದಿಗೆಗಳನ್ನು ಮೊದಲು ಇಡಿಸಿ, ಅವರಿಗೆ ಸಾಕು ಅನ್ನುವಷ್ಟು ತುಂಬಿದ ಮೇಲೆ ಮಿಕ್ಕವರು ಹಿಡಿಯುತ್ತಿದ್ದರು. ಹನುಮಮ್ಮನ ಪಾಲಿಗೆ ಬರುತ್ತಿದ್ದದ್ದು ಆರು. ಈಗ ಆ ಮುದುಕ ಮುದುಕಿಗೂ ಆರು, ಒಂಬತ್ತು ಜನಕ್ಕೂ ಆರು.

ಸಾಲಿನವರ ಕೋಪವೆಲ್ಲ ಹನುಮಮ್ಮನ ಮೇಲೆ ತಿರುಗಿತು. ಶಾಲು ಹೊದೆಸಿಕೊಳ್ಳುವ ಆಸೆಗೆ ಎಲ್ಲರ ನೀರು ಕಳೆದಳು ಎಂದರು. ಒಂಬತ್ತು ಜನರ ಮನೆಯ ಸೊಸೆ ಅಕ್ಷತಾ, ಎದುರಿಗೆ ಬಂದರೂ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳಂತೆ. ನಲ್ಲಿ ಹತ್ತಿರ ಹೋಗಲು ನಾಚಿಕೆಯಾಗಿ ಹನುಮಮ್ಮ ಬೆನ್ನು ನೋವಿನ ಗಂಡನನ್ನು ಕಳಿಸುತ್ತಿದ್ದಳು. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಆಗ ನಾನು ಆ ಕಿರುಹೊತ್ತಿಗೆಯನ್ನು ಗುಬ್ಬಿ, ಕುಣಿಗಲ್‌ನ ನೆಂಟರಿಗೆಲ್ಲ ಅಂಚೆಯಲ್ಲಿ ಕಳಿಸುವ ಗಡಿಬಿಡಿಯಲ್ಲಿದ್ದೆ.

ಜುಲೈನಲ್ಲಿ ತನುಶ್ರೀಗೆ ತುಮಕೂರಿನ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು. ಚೊಚ್ಚಲು ಹೆರಿಗೆಯ ಬಾಣಂತನ ತಾಯಿ ಮನೆಯದು, ಇದರಲ್ಲಿ ಎರಡು ಮಾತಿಲ್ಲ. ಬಾಣಂತನವೆಂದರೆ ನೀರು. ಹರಳೆಣ್ಣೆ ತಿಕ್ಕಿ, ಬೆನ್ನಿಗೆ ಸೊಂಟಕ್ಕೆ ಹಂಡೆಗಟ್ಟಲೆ ಬಿಸಿನೀರು ಹುಯ್ಯಬೇಕು. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯಬೇಕು. ಆಮೇಲೆ ಬಟ್ಟೆಗಳ ರಾಶಿ.

ಒಂದು ಮಂಗಳವಾರ ಬೆಳಿಗ್ಗೆ ಹನುಮಮ್ಮ ನಮ್ಮ ಗೇಟಿನ ಹತ್ತಿರ ಬಂದು ನಿಂತಳು. ನಾನು ಪೈಪ್ ಹಿಡಿದು ಅಂಗಳ ತೊಳೆಯುತ್ತಿದ್ದೆ. ಅಂಗಳ ತೊಳೆದ ಮೇಲೆ ಕಾರು, ಕಾರಾದ ಮೇಲೆ ಗಿಡ. ಅದು ನನ್ನ ಬೆಳಗಿನ ಕ್ರಮ.

“ಸ್ವಾಮಿ, ಒಂದ್ ಮಾತು.”

“ಹೇಳಮ್ಮ. ಮೊಮ್ಮಗಳು ಬಂದಳಂತೆ, ಸಂತೋಷ.”

“ಮಗಳು ಮನೆಗೆ ಬಂದು ಹನ್ನೆಲ್ಡು ದಿನ ಆಯ್ತು ಸ್ವಾಮಿ. ಒಂದಿನ ಸರ್ಯಾಗಿ ನೀರು ಹುಯ್ಯಕ್ಕಾಗಿಲ್ಲ. ಹದಿನೈದು ಬಿಂದಿಗೆ ಇಲ್ದೆ ಬಾಣಂತನ ಆಗಲ್ಲ. ವಾಚ್‌ಮನ್ನಪ್ಪ ಆರು ಬಿಂದಿಗೆ ಆಗ್ತಿದ್ದಂಗೆ ನಲ್ಲಿ ನಿಲ್ಲಿಸ್ತಾನೆ. ಕೇಳುದ್ರೆ ‘ನಿಂದೇ ಲೆಕ್ಕ ಅಲ್ವೇನಮ್ಮ’ ಅಂತಾನೆ.” ಆಕೆ ಗೇಟಿನ ಕಂಬಿ ಹಿಡಿದುಕೊಂಡಳು. “ಭಾನುವಾರ ಬೀಗಿತ್ತಿ ಬಂದಿದ್ರು ಗುಬ್ಬಿಯಿಂದ. ಒದ್ದೆ ಬಟ್ಟೇಲಿ ಮೈ ಒರುಸ್ತಿದ್ದೆ, ನೋಡುಬುಟ್ರು. ‘ನೀರಿಲ್ದ ಮನೇಲಿ ಎಂಥ ಬಾಣಂತನ, ಶುಕ್ರವಾರ ಬಂದು ಕರ್ಕೊಂಡೋಯ್ತೀನಿ’ ಅಂದ್ರು. ಒಬ್ಳೇ ಮಗ್ಳು ಸ್ವಾಮಿ. ಬಾಣಂತನ ಮಾಡ್ದೆ ಕಳ್ಸುದ್ರೆ ನಾನು ಇನ್ನು ಅವ್ರೂರಿಗೆ ಯಾವ ಮುಖ ಇಟ್ಕಂಡು ಹೋಗ್ಲಿ?”

ನನಗೆ ಕರುಣೆ ಉಕ್ಕಿತು. ಕರುಣೆ ನನಗೆ ಬೇಗ ಉಕ್ಕುತ್ತದೆ, ಹಾಲಿನ ಹಾಗೆ, ಒಲೆಯೆಲ್ಲ ಗಲೀಜಾಗುವಂತೆ. “ಅಷ್ಟೇ ತಾನೆ? ನಮ್ಮನೆ ನಲ್ಲೀಲಿ ಹಿಡ್ಕೊಂಡು ಹೋಗು. ಎಷ್ಟು ಬೇಕಾದ್ರೂ ಹಿಡ್ಕೊ,” ಎಂದೆ.

“ಬ್ಯಾಡ ಸ್ವಾಮಿ. ನಿಮ್ಮನೆ ನೀರು ಹೊತ್ರೆ ನನ್ನ ಮಗ್ಳು ಒಬ್ಳಿಗಾಯ್ತು. ಆ ಒಂಬತ್ತು ಜನ ಏನ್ ಮಾಡ್ಬೇಕು? ಈಗ್ಲೇ ನನ್ನ ಮುಖ ನೋಡಲ್ಲ ಅವ್ರು. ನಮ್ಮ ನಲ್ಲೀನೇ ಮೊದ್ಲಿನಂಗೆ ಬುಡ್ಸಿ.”

ಇದು ನನಗೆ ಹಿಡಿಸಲಿಲ್ಲ. ಕೊಡುತ್ತೇನೆ ಅಂದದ್ದನ್ನು ಬೇಡ ಅಂದರೆ ಯಾರಿಗಾದರೂ ಕೋಪ ಬರುತ್ತದೆ. “ಬೋರ್ ನೀರು ಇಳಿದಿದೆಯಮ್ಮ. ಎಲ್ಲರೂ ಜವಾಬ್ದಾರಿಯಿಂದ ನಡ್ಕೋಬೇಕು. ಮುಂದಿನ ಪೀಳಿಗೆಗೆ...” ಎಂದು ಶುರು ಮಾಡಿದೆ. ಕೈಯಲ್ಲಿದ್ದ ಪೈಪಿನಿಂದ ನೀರು ನನ್ನ ಚಪ್ಪಲಿಯ ಮೇಲೆ ಬಿದ್ದು ರಸ್ತೆಗೆ ಹರಿಯುತ್ತಿತ್ತು. ಹನುಮಮ್ಮ ನನ್ನ ಮಾತನ್ನು ಕೇಳುತ್ತಿರಲಿಲ್ಲ, ಪೈಪನ್ನು ನೋಡುತ್ತಿದ್ದಳು.

“ನಿಮ್ಮನೇಲಿ ಏಟು ಬಿಂದಿಗೆ ಆಯ್ತದೆ ಸ್ವಾಮಿ?”

ಏಪ್ರಿಲ್‌ನಲ್ಲಿ ಪ್ರಾತ್ಯಕ್ಷಿಕೆಗೆಂದು ನಮ್ಮ ಮನೆಯ ಪೈಪಿಗೆ ಒಂದು ನೀರಿನ ಮೀಟರ್ ಹಾಕಿಸಿ, ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡಿದ್ದೆ. ಆಮೇಲೆ ಅದರ ಕಡೆ ತಿರುಗಿಯೂ ನೋಡಿರಲಿಲ್ಲ. ಗಂಗಾಂಬಿಕೆ ಕದ ಹಿಡಿದು ನಿಂತಿದ್ದಳು. ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಆಕೆ ದಿನಾ ಮೀಟರ್ ನೋಡಿ ಬರೆದಿಡುತ್ತಿದ್ದಳೆಂದು ನನಗೆ ಗೊತ್ತೇ ಇರಲಿಲ್ಲ.

“ದಿನಕ್ಕೆ ಒಂಬೈನೂರ ಮೂವತ್ತು ಲೀಟರ್,” ಎಂದಳು. “ಬಿಂದಿಗೆಗೆ ಹದಿನೈದು ಹಿಡಿದ್ರೆ ಅರವತ್ತೆರಡು ಬಿಂದಿಗೆ.”

“ಅರವತ್ತೆಲ್ಡಾ?” ಹನುಮಮ್ಮ ನಮ್ಮಿಬ್ಬರನ್ನೂ ನೋಡಿದಳು. ಆಮೇಲೆ ನಮ್ಮ ಹಿಂದೆ, ಬಾಗಿಲಿನೊಳಗೆ ಇಣುಕಿ ನೋಡಿದಳು. ಮುಖ ಅರಳಿತು. “ಬಾಣಂತಿ ಯಾರವ್ರೆ ಸ್ವಾಮಿ? ಭೂಮಿಕಮ್ನೋರು ಹೆರಿಗೆಗೆ ಬಂದವ್ರಾ? ನಂಗೆ ಗೊತ್ತೇ ಆಗ್ಲಿಲ್ವಲ್ಲ!”

ಭೂಮಿಕಾ ನಮ್ಮ ಮಗಳು, ದಾವಣಗೆರೆಯಲ್ಲಿದ್ದಾಳೆ. ಮನೆಯಲ್ಲಿರುವುದು ನಾವಿಬ್ಬರೇ.

ಹನುಮಮ್ಮ ಕುಹಕವಾಡಲಿಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಕುಹಕವಾಗಿದ್ದರೆ ನಾನು ಉತ್ತರ ಕೊಟ್ಟು ಗೆಲ್ಲುತ್ತಿ‌ದ್ದೆ. ಒಂದು ಮನೆಗೆ ಅಷ್ಟು ನೀರು ಬೇಕಾಗಲು ಆಕೆಗೆ ಗೊತ್ತಿದ್ದ ಕಾರಣ ಒಂದೇ. ಗಂಗಾಂಬಿಕೆ ನಗಲು ಹೋಗಿ ಅರ್ಧಕ್ಕೆ ನಿಲ್ಲಿಸಿದಳು. ನನಗೆ ನಾಚಿಕೆಯಾಯಿತು. ಮೂವತ್ತು ವರ್ಷದ ನೌಕರಿಯಲ್ಲಿ ಮೇಲಧಿಕಾರಿಗಳು ಎಷ್ಟೋ ಸಲ ಬೈದಿದ್ದಾರೆ, ಅಂಥ ನಾಚಿಕೆ ಎಂದೂ ಆಗಿರಲಿಲ್ಲ. ಪೈಪ್ ಕೆಳಗೆ ಹಾಕಿ ನಲ್ಲಿ ನಿಲ್ಲಿಸಲು ಓಡಿದೆ. ಓಡುವಾಗ ಒದ್ದೆ ಅಂಗಳದಲ್ಲಿ ಜಾರಿ ಕೂತೆ. ಎತ್ತಿದವಳು ಹನುಮಮ್ಮ.

ಅವತ್ತು ಮಧ್ಯಾಹ್ನವೆಲ್ಲ ಸೊಂಟ ನೀವಿಕೊಳ್ಳುತ್ತಾ ಮನೆಯೊಳಗೆ ನೀರಿನ ಬೆನ್ನು ಹತ್ತಿದೆ. ಶುದ್ಧ ನೀರಿನ ಫಿಲ್ಟರ್ ಒಂದು ಬಿಂದಿಗೆ ಕುಡಿಯುವ ನೀರು ಕೊಡಲು ಎರಡು ಬಿಂದಿಗೆ ಹೊರಗೆ ಬಿಡುತ್ತಿತ್ತು. ನಾನು ಆಸೆಪಟ್ಟು ಹಾಕಿಸಿದ್ದ, ಊಟದ ತಟ್ಟೆಯಷ್ಟು ಅಗಲದ ಶವರ್ ಕೆಳಗೆ ಒಂದು ಸಲ ನಿಂತರೆ ಏಳು ಬಿಂದಿಗೆ. ಅಂಗಳ, ಕಾರು, ಗಿಡ ಸೇರಿ ಹದಿನೆಂಟರ ಮೇಲೆ. ಟ್ಯಾಂಕ್ ತುಂಬಿ ಹರಿದು ಹೋಗುತ್ತಿದ್ದದ್ದು ದಿನಕ್ಕೆ ಹನ್ನೆರಡು ಬಿಂದಿಗೆ. ಅಂದರೆ ಬರೀ ನನ್ನ ಮರೆವಿಗೆ ಬೇಕಾಗುತ್ತಿದ್ದ ನೀರಿನಲ್ಲಿ ಹನುಮಮ್ಮನ ಮನೆ ಎರಡು ದಿನ ನಡೆಯುತ್ತಿತ್ತು. ಹೀಗಿರುವ ನಾನು ಆಕೆಗೆ ಜವಾಬ್ದಾರಿಯ ಪಾಠ ಹೇಳಿದ್ದೆ.

ಬುಧವಾರ ಸಂಜೆ ತುರ್ತು ಸಭೆ ಕರೆದೆ. ವಿಷಯ ಹೇಳಿದೆ. ಅಧ್ಯಕ್ಷರು ಕೆಟ್ಟವರಲ್ಲ. “ಅಯ್ಯೋ ಪಾಪ, ಬಾಣಂತಿ ಅಂದ್ಮೇಲೆ ಬಿಡೋಣ ಬಿಡಿ. ಮೂರು ತಿಂಗಳು ಆ ಮನೆಗೆ ಮಾತ್ರ ಹದಿನೈದು. ಮಾನವೀಯತೆ ಮುಖ್ಯ,” ಎಂದರು. ಎಲ್ಲರೂ ಹೌದು ಹೌದು ಎಂದರು. ನಿಜ ಹೇಳುತ್ತೇನೆ, ನಾನೂ ಹೌದು ಎಂದು ಎದ್ದುಬಿಡುತ್ತಿದ್ದೆ. ಬಾಣಂತನ ಉಳಿಯುತ್ತಿತ್ತು, ನನ್ನ ಮಾನವೂ ಉಳಿಯುತ್ತಿತ್ತು. ಆದರೆ ‘ಆ ಒಂಬತ್ತು ಜನ ಏನ್ ಮಾಡ್ಬೇಕು’ ಎಂದು ಆಕೆ ಮುಂಚೆಯೇ ಕೇಳಿಬಿಟ್ಟಿದ್ದಳು.

ಎದ್ದು ನಿಂತು ನಮ್ಮ ಮನೆಯ ಲೆಕ್ಕ ಓದಿದೆ. ಶವರ್, ಕಾರು, ಟ್ಯಾಂಕ್, ಒಟ್ಟು ಅರವತ್ತೆರಡು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

“ಅದು ನಿಮ್ಮ ಸ್ವಂತ ವಿಚಾರ, ಸೆಕ್ರೆಟ್ರಿಗಳೇ. ಇಲ್ಯಾಕೆ?” ಎಂದರು ಅಧ್ಯಕ್ಷರು.

“ನೀರು ಸ್ವಂತದ್ದಲ್ವಲ್ಲ ಸಾರ್. ಒಂದೇ ಬೋರು. ಹನುಮಮ್ಮನ ಲೆಕ್ಕ ತೆಗೀಬೇಡಿ, ಇರ್ಲಿ. ಆದ್ರೆ ಗೋಡೆ ಈ ಕಡೇಗೂ ಇರ್ಲಿ. ಮನೆಗೆ ಆರು ಬಿಂದಿಗೆ. ನಾಳೆಯಿಂದ ಅನಂತರಾಜು ನಮ್ಮ ಗೇಟುಗಳ ಮುಂದೆ ನಿಂತು ಎಣಿಸ್ಲಿ. ಮೊದ್ಲು ನನ್ನ ಮನೆ, ಆಮೇಲೆ ನಿಮ್ಮದು.”

ಅಧ್ಯಕ್ಷರು ತಮ್ಮ ಹುಲ್ಲನ್ನು ನೆನೆಸಿಕೊಂಡಿರಬೇಕು. ಎರಡೇ ನಿಮಿಷದಲ್ಲಿ, ಮನೆಗೆ ಆರು ಬಿಂದಿಗೆ ಎಂಬುದು ಅವೈಜ್ಞಾನಿಕ ಎಂದು ತೀರ್ಮಾನವಾಯಿತು. ನನ್ನ ಲೇಖನ ಲೇಖಕರ ಸ್ವಂತ ಅಭಿಪ್ರಾಯ ಮಾತ್ರ, ಸಂಘ ಅದಕ್ಕೆ ಹೊಣೆಯಲ್ಲ ಎಂದೂ ಬರೆಸಿದರು. ಪಾರ್ಕಿನ ಹುಲ್ಲಿಗೆ ಬಿಡುವ ನೀರು ನಿಲ್ಲಿಸಿ, ಗೋಡೆಯಾಚೆಯ ನಲ್ಲಿಗೆ ಮೊದಲಿನಂತೆ ಎರಡು ಗಂಟೆ, ಎಣಿಕೆಯಿಲ್ಲದೆ. ಸಂಘದ ಇತಿಹಾಸದಲ್ಲೇ ಮೊದಲ ಸರ್ವಾನುಮತ. ನಮ್ಮ ಮನೆಗಳ ನೀರಿನ ವಿಷಯವನ್ನು ಮುಂದಿನ ಸಭೆಗೆ ಇಟ್ಟರು. ಮುಂದಿನ ಸಭೆ ಇನ್ನೂ ಆಗಿಲ್ಲ.

ಗುರುವಾರ ಬೆಳಿಗ್ಗೆ ನಾನು ಗೋಡೆಯ ಈಚೆ ನಿಂತು ಇಣುಕಿದೆ. ಹನುಮಮ್ಮ ತಾನೇ ಬಂದಿದ್ದಳು, ಎಲ್ಲರಿಗಿಂತ ಹಿಂದೆ ನಿಂತಿದ್ದಳು. ಅಕ್ಷತಾ ನಲ್ಲಿಯ ಕೆಳಗಿದ್ದ ತನ್ನ ಬಿಂದಿಗೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, “ಏನ್ ಹನುಮಕ್ಕ, ಅಲ್ಲೇ ನಿಂತ್ಕಂಡ್ರೆ? ಬಾಣಂತಿ ಮನೆ ಬಿಂದಿಗೆ ಮೊದ್ಲು ಇಕ್ಕು ಬಾ,” ಎಂದಳು. ಕೋಪ ಪೂರ್ತಿ ಹೋಗಿರಲಿಲ್ಲ, ಧ್ವನಿಯಲ್ಲಿ ಇನ್ನೂ ಇತ್ತು. ಆದರೂ ಜಾಗ ಬಿಟ್ಟಳು. ಹದಿನೈದು ಬಿಂದಿಗೆ ತುಂಬುವವರೆಗೂ ಯಾರೂ ನಡುವೆ ಕೈ ಹಾಕಲಿಲ್ಲ.

ಶುಕ್ರವಾರ ಗುಬ್ಬಿಯ ಬೀಗಿತ್ತಿ ಬಂದರು. ಬಚ್ಚಲಿನಿಂದ ಏಳುತ್ತಿದ್ದ ಹಬೆ ನೋಡಿದರು, ಕೆಂಪಗಾಗಿ ಮಲಗಿದ್ದ ಮೊಮ್ಮಗಳನ್ನು ನೋಡಿದರು, ಮುದ್ದೆ ಸಾರು ಊಟ ಮಾಡಿ ಮೂರು ಗಂಟೆ ಬಸ್ಸಿಗೆ ಒಬ್ಬರೇ ಹೋದರು.

ನಾನು ಸುಧಾರಿಸಿಬಿಟ್ಟೆ ಎಂದು ನೀವು ತಿಳಿಯಬಾರದು. ಶವರ್ ಬಿಚ್ಚಿಸಿದ ಮೊದಲ ದಿನ ಒಂದು ಬಕೆಟ್ ನೀರಿಟ್ಟುಕೊಂಡು ಸ್ನಾನಕ್ಕೆ ಕೂತೆ. ಅರವತ್ತೆರಡನೇ ವಯಸ್ಸಿನಲ್ಲಿ ನನಗೆ ಸ್ನಾನ ಮಾಡಲು ಬರುವುದಿಲ್ಲ ಎಂದು ಆಗ ಗೊತ್ತಾಯಿತು. ತಲೆಯಲ್ಲಿ ಸೋಪು ಹಾಗೇ ಇತ್ತು, ನೀರು ಮುಗಿದಿತ್ತು. ಕಣ್ಣು ಉರಿದು ಗಂಗಾಂಬಿಕೆಯನ್ನು ಕೂಗಿದೆ. ಆಕೆ ಅರ್ಧ ಚೊಂಬು ನೀರು ತಂದು, “ಮೊದ್ಲು ಮೈ ನೆನೆಸ್ಕೊಂಡು ನೀರು ನಿಲ್ಲಿಸ್ಬೇಕು, ಆಮೇಲೆ ಸೋಪು. ಇಷ್ಟೂ ಗೊತ್ತಿಲ್ವಾ?” ಎಂದಳು. ಕಾರನ್ನು ಈಗ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಫಿಲ್ಟರಿನ ನೀರು ಗಿಡಕ್ಕೆ ಹೋಗುತ್ತದೆ. ಮೋಟಾರಿನ ಸ್ವಿಚ್ಚನ್ನು ಗಂಗಾಂಬಿಕೆ ತನ್ನ ವಶಕ್ಕೆ ತೆಗೆದುಕೊಂಡಿದ್ದಾಳೆ. ಇಷ್ಟೆಲ್ಲ ಮಾಡಿ ನಾವು ಇಳಿದಿರುವುದು ಇಪ್ಪತ್ತೊಂಬತ್ತು ಬಿಂದಿಗೆಗೆ. ಬಾಣಂತಿ ಇರುವ ಮನೆಗೆ ಹದಿನೈದು ಸಾಕು. ನಮಗೆ ಇನ್ನೂ ಇಪ್ಪತ್ತೊಂಬತ್ತು ಬೇಕು.

ಹೋದ ವಾರ ಹನುಮಮ್ಮ ಮಗುವಿನ ತೊಟ್ಟಿಲು ಶಾಸ್ತ್ರಕ್ಕೆ ಕರೆಯಲು ಬಂದಿದ್ದಳು. ಸದಾ ಬಿಗಿದು ಗಂಟು ಹಾಕಿರುತ್ತಿದ್ದ ಕೂದಲು ಬಿಚ್ಚಿತ್ತು, ಇನ್ನೂ ಒದ್ದೆಯಿತ್ತು. ಸೀಗೆಕಾಯಿ ವಾಸನೆ. ಗಂಗಾಂಬಿಕೆಯ ಕೈಗೆ ಕುಂಕುಮ ಕೊಟ್ಟು, ಹೊರಟವಳು ಗೇಟಿನ ಹತ್ತಿರ ನಿಂತಳು.

“ಇವತ್ತು ಹದಿನೇಳು ಬಿಂದಿಗೆ ಆಯ್ತು ಸ್ವಾಮಿ.”

“ಆಗ್ಲಿ ಬಿಡಮ್ಮ. ಬಾಣಂತಿಗೆ ಬೇಕಲ್ಲ.”

“ಬಾಣಂತಿಗೆ ಹದಿನೈದೇಯ.” ಅತ್ತಿತ್ತ ನೋಡಿ ದನಿ ತಗ್ಗಿಸಿದಳು. “ಎಲ್ಡು ನಾನು ಹುಯ್ಕಂಡೆ. ಒಲೆ ಇನ್ನೂ ಉರೀತಿತ್ತು. ಅವ್ಳಿಗೆ ಎರೆದು ಮಲಗ್ಸುದ್ಮೇಲೆ ಬಾಗ್ಲು ಹಾಕ್ಕಂಡು, ಸುಮ್ಕೆ ಕುಂತ್ಕಂಡು, ತಲೆ ಮ್ಯಾಲಿಂದ ಬಿಸ್ನೀರು ಹುಯ್ಕಂಡೆ. ನನ್ನ ಬಾಣಂತನ್ದಲ್ಲಿ ಹುಯ್ದಿದ್ರು ನೋಡಿ, ಆಮ್ಯಾಕೆ ಇವತ್ತೇಯ.” ಕದ್ದು ಸಿಕ್ಕಿಬಿದ್ದವಳ ಹಾಗೆ ಸೆರಗು ಹಿಡಿದು ನಿಂತಿದ್ದಳು. “ಇದ್ನ ಎಲ್ಲೂ ಬರೀಬ್ಯಾಡಿ ಸ್ವಾಮಿ.”

ಬರೆಯುವುದಿಲ್ಲ ಎಂದು ಮಾತು ಕೊಟ್ಟೆ. ದಿನಾ ಅರವತ್ತೆರಡು ಬಿಂದಿಗೆ ಸುರಿದುಕೊಂಡು ಬದುಕಿದ ನನಗೆ, ಯಾರಾದರೂ ಬಂದು ಅದನ್ನು ಬರೆದುಕೊಂಡಾರು ಎಂಬ ಭಯ ಇಷ್ಟು ವರ್ಷದಲ್ಲಿ ಒಂದು ದಿನವೂ ಬಂದಿರಲಿಲ್ಲ. ಅದಕ್ಕೇ ಮಾತು ಮುರಿದು, ಆಕೆಯ ಎರಡನ್ನೂ ನನ್ನ ಅರವತ್ತೆರಡನ್ನೂ ಒಟ್ಟಿಗೆ ಬರೆದಿಟ್ಟಿದ್ದೇನೆ.